ಪಿಂಗ್ ಹೋಗ್ತಿಲ್ಲ ಅಂದ್ರೆ ಸರ್ವರ್ ಬಿದ್ದಿದೆ ಅಂತಲ್ಲ

ವಾರಾಂತ್ಯಕ್ಕೆ ಬೆಂಗಳೂರಿಂದ ದಿಬ್ಬೂರಹಳ್ಳಿಗೆ ಬಂದು, ಸೋಮವಾರ ಇಲ್ಲಿಂದಲೇ ಲಾಗಿನ್ ಆಗೋ ಹುಡುಗ ಹುಡುಗಿಯರು ನನ್ನನ್ನು ಕೇಳೋದು ಹೆಚ್ಚುಕಡಿಮೆ ಒಂದೇ: "ಆಫೀಸಲ್ಲಿ ಸಿಗ್ತಿದ್ದ ಕ್ಲೌಡ್ ಸರ್ವರ್ ಊರಿಂದ ಯಾಕೆ ಸಿಗ್ತಿಲ್ಲ?" ಎಲ್ಲರೂ ಮೊದಲು ಬೈಯೋದು ಹಳ್ಳಿ ನೆಟ್‌ವರ್ಕನ್ನು. ಎಷ್ಟೋ ಸಲ ತಪ್ಪು ಅದರದ್ದಲ್ಲ.

ನಮ್ಮ ಶಿಡ್ಲಘಟ್ಟದ ಕಡೆ ರೇಷ್ಮೆ ನೂಲು ಬಿಚ್ಚೋರನ್ನು ನೋಡಿದ್ದೀರಲ್ಲ? ಎಳೆ ಕಡಿದರೆ ಗೂಡನ್ನು ಬಿಸಾಡಲ್ಲ, ತುದಿ ಹುಡುಕಿ ಮತ್ತೆ ಸೇರಿಸ್ತಾರೆ. ಇಲ್ಲೂ ಅಷ್ಟೇ, ಎಲ್ಲಿ ಕಡಿದಿದೆ ಅಂತ ಹುಡುಕಬೇಕು.

ಪಿಂಗ್‌ಗೆ ಉತ್ತರ ಬರ್ತಿಲ್ಲ. ಸರ್ವರ್ ಬಿದ್ದಿದೆಯಾ?

ಹಾಗೇನಿಲ್ಲ. 1983ರಲ್ಲಿ ಮೈಕ್ ಮೂಸ್ ಬರೆದ ಪಿಂಗ್ ಕಳಿಸೋದು ಐಸಿಎಂಪಿ ಸಂದೇಶ. ಸುರಕ್ಷಿತ ವೆಬ್‌ಸೈಟ್ ಸಾಮಾನ್ಯವಾಗಿ ಕೆಲಸ ಮಾಡೋದು 443ನೇ ಪೋರ್ಟಿನಲ್ಲಿ. ಫೈರ್‌ವಾಲ್ ಮೊದಲನೆಯದನ್ನು ತಡೆದು ಎರಡನೆಯದನ್ನು ಬಿಟ್ಟಿರಬಹುದು. ನಿಮಗೆ ಬೇಕಾದ ಪೋರ್ಟನ್ನೇ ಪರೀಕ್ಷಿಸಿ: ವಿಂಡೋಸ್ ಪವರ್‌ಶೆಲ್‌ನಲ್ಲಿ ಟೆಸ್ಟ್-ನೆಟ್‌ಕನೆಕ್ಷನ್, ಮ್ಯಾಕ್ ಮತ್ತು ಲಿನಕ್ಸ್‌ನಲ್ಲಿ ಎನ್‌ಸಿ.

'ಟೈಮ್‌ಔಟ್', 'ರೆಫ್ಯೂಸ್ಡ್' ಎರಡೂ ಒಂದೇನಾ?

ಅಲ್ಲ. 'ರೆಫ್ಯೂಸ್ಡ್' ಅಂದ್ರೆ ಹೆಚ್ಚಾಗಿ ನೀವು ಯಂತ್ರದವರೆಗೆ ತಲುಪಿದ್ದೀರಿ, ಆದರೆ ಆ ಪೋರ್ಟಿನಲ್ಲಿ ಸರ್ವಿಸ್ ಓಡ್ತಿಲ್ಲ. 'ಟೈಮ್‌ಔಟ್' ಅಂದ್ರೆ ಉತ್ತರವೇ ಇಲ್ಲ. ಮೊದಲ ಅನುಮಾನ ಸೆಕ್ಯುರಿಟಿ ಗ್ರೂಪ್, ಫೈರ್‌ವಾಲ್ ಅಥವಾ ರೂಟ್ ಮೇಲಿರಲಿ. ಸರ್ವರಿನ ಹೆಸರೇ ಸಿಗದಿದ್ದರೆ ಡಿಎನ್‌ಎಸ್ ತೊಂದರೆ. ಎನ್‌ಎಸ್‌ಲುಕಪ್ ಹಾಕಿ ನೋಡಿ.

ಊರಿಂದ ಮಾತ್ರ ಸಿಗ್ತಿಲ್ಲ, ಯಾಕೆ?

ಮೊದಲು ವಿಪಿಎನ್ ನೋಡಿ. ವಿಳಾಸ 10ರಿಂದ ಶುರುವಾದರೆ ಅದು ಖಾಸಗಿ, ಮನೆಯಿಂದ ನೇರವಾಗಿ ಸಿಗಲ್ಲ. ಸಾರ್ವಜನಿಕ ವಿಳಾಸವೇ ಆಗಿದ್ದರೂ ಆಫೀಸಿನ ಐಪಿಗೆ ಮಾತ್ರ ಅನುಮತಿ ಇರಬಹುದು.

ಹಾಗಾದ್ರೆ 0.0.0.0/0 ಹಾಕ್ಬಿಡ್ಲಾ?

ದಯವಿಟ್ಟು ಬೇಡ. ಅದರರ್ಥ ಜಗತ್ತಿನ ಯಾರು ಬೇಕಾದರೂ ಬಾಗಿಲು ತಟ್ಟಬಹುದು. ತೆರೆದ ಪೋರ್ಟು ಹುಡುಕೋ ಬಾಟ್‌ಗಳು ಹಗಲೂ ರಾತ್ರಿ ಸುತ್ತುತ್ತಿರುತ್ತವೆ. ಡೇಟಾಬೇಸಿನೊಳಗೆ ಇರೋದು ನಿಮ್ಮದಲ್ಲ, ಯಾರದ್ದೋ ಹೆಸರು, ಫೋನ್ ನಂಬರ್, ದುಡ್ಡಿನ ಲೆಕ್ಕ. 'ಐದು ನಿಮಿಷಕ್ಕೆ' ಅಂತ ತೆರೆದ ಬಾಗಿಲನ್ನು ಮುಚ್ಚೋದು ಮರೆತೇ ಹೋಗುತ್ತೆ. ಮೊಬೈಲ್ ಹಾಟ್‌ಸ್ಪಾಟಿನ ಐಪಿ ಸೇರಿಸೋದೂ ಒಳ್ಳೇದಲ್ಲ. ಅದನ್ನು ಒಂದೇ ಹೊತ್ತಿಗೆ ಹಲವರು ಹಂಚಿಕೊಂಡಿರಬಹುದು, ಬದಲಾಗ್ತಾನೂ ಇರುತ್ತೆ.

ಸಿಗುತ್ತೆ, ಆದ್ರೆ ನಿಧಾನ. ಟವರ್ ಸರಿಯಿಲ್ವಾ?

ಸರ್ವರ್ ಯಾವ ಊರಲ್ಲಿದೆ ಅಂತಲೂ ನೋಡಿ. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತೆ. ಮುಂಬೈವರೆಗಿನ ಕೇಬಲ್ 1,000 ಕಿ.ಮೀ. ಅಂದ್ಕೊಂಡ್ರೆ ಹೋಗಿಬರೋಕೆ ಕನಿಷ್ಠ 10 ಮಿಲಿಸೆಕೆಂಡ್. ಅಮೆರಿಕದ ವರ್ಜೀನಿಯಾದಲ್ಲಿದ್ದರೆ 200 ದಾಟೋದು ಸಹಜ. ಅದಕ್ಕೆ ಹಳ್ಳಿ ಟವರ್ ಏನು ಮಾಡೀತು?

ಇಷ್ಟಾದರೂ ಬಗೆಹರಿಯದಿದ್ದರೆ ಅಡ್ಮಿನ್‌ಗೆ ಐದು ವಿಷಯ ಬರೆದು ಕಳಿಸಿ: ನಿಮ್ಮ ಐಪಿ, ಸರ್ವರಿನ ವಿಳಾಸ, ಪೋರ್ಟ್, ಬಂದ ಎರರ್ ಇದ್ದ ಹಾಗೇ, ಸಮಯ. ಅಮೆಜಾನ್ ಕ್ಲೌಡ್ ಆದರೆ ಅವರು ರೀಚಬಿಲಿಟಿ ಅನಲೈಜರ್ ಓಡಿಸಿ, ಅಲ್ಲಿನ ಯಾವ ಸೆಟ್ಟಿಂಗ್ ದಾರಿ ತಡೆದಿದೆ ಅಂತ ನೋಡಬಹುದು. 'ನೆಟ್ ಬರ್ತಿಲ್ಲ ಸಾರ್' ಅನ್ನೋ ಮೆಸೇಜಿಗಿಂತ ಇದು ಬೇಗ ಕೆಲಸ ಮಾಡಿಸುತ್ತೆ.