ಎಲೆಕ್ಟ್ರಿಕ್ ಗಿಟಾರ್ ಹುಟ್ಟಿದ್ದು ರಾಕ್ ಸಂಗೀತಕ್ಕಾಗಿಯೇ?

ಎಲೆಕ್ಟ್ರಿಕ್ ಗಿಟಾರ್ ಎಂದ ಕೂಡಲೇ ನಮಗೆ ನೆನಪಾಗುವುದು ರಾಕ್ ಬ್ಯಾಂಡ್‌ಗಳು. 1950ರ ದಶಕದಲ್ಲಿ ರಾಕ್ ಆಂಡ್ ರೋಲ್ ಜೊತೆಗೇ ಈ ವಾದ್ಯ ಹುಟ್ಟಿತು ಎಂದು ನಂಬಿದವರು ಬಹಳ. ಇದು ನಿಜವಲ್ಲ. ಅದಕ್ಕೂ ಸುಮಾರು ಇಪ್ಪತ್ತು ವರ್ಷ ಮೊದಲೇ ಗಿಟಾರಿಗೆ ಕರೆಂಟ್ ಬಂದಿತ್ತು. ಬಂದದ್ದು ತೊಡೆಯ ಮೇಲೆ ಮಲಗಿಸಿ ನುಡಿಸುವ ಸ್ಟೀಲ್ ಗಿಟಾರಿಗೆ.

ಸ್ಟೀಲ್ ಗಿಟಾರ್ ಎಂದರೆ ಉಕ್ಕಿನ ಗಿಟಾರೇ?

ಅಲ್ಲ. ವಾದಕರು ಎಡಗೈಯಲ್ಲಿ ಹಿಡಿಯುವ ಉಕ್ಕಿನ ತುಂಡಿನಿಂದ ಈ ಹೆಸರು ಬಂದಿದೆ. ಬಲಗೈಯಿಂದ ತಂತಿ ಮೀಟುತ್ತಾ ಆ ತುಂಡನ್ನು ತಂತಿಗಳ ಮೇಲೆ ಜಾರಿಸಿದರೆ, ಸ್ವರದಿಂದ ಸ್ವರಕ್ಕೆ ಎಳೆದಂತೆ ನಾದ ಬರುತ್ತದೆ. 19ನೇ ಶತಮಾನದ ಕೊನೆಗೆ ಹವಾಯಿ ದ್ವೀಪಗಳಲ್ಲಿ ಹುಟ್ಟಿದ ಈ ಶೈಲಿಯ ಶ್ರೇಯ ಸಾಮಾನ್ಯವಾಗಿ ಜೋಸೆಫ್ ಕೆಕುಕು ಅವರಿಗೆ ಸಲ್ಲುತ್ತದೆ. 1915ರ ಸ್ಯಾನ್ ಫ್ರಾನ್ಸಿಸ್ಕೊ ಮಹಾಪ್ರದರ್ಶನದ ನಂತರ ಅಮೆರಿಕದಲ್ಲಿ ಹವಾಯಿ ಸಂಗೀತದ ಹುಚ್ಚೇ ಹರಡಿತು.

ಕರೆಂಟ್ ಯಾಕೆ ಬೇಕಾಯಿತು?

1930ರ ದಶಕದಲ್ಲಿ ಟೆಕ್ಸಾಸ್ ಮತ್ತು ಒಕ್ಲಹೋಮದ ಡ್ಯಾನ್ಸ್ ಹಾಲ್‌ಗಳಲ್ಲಿ ‘ವೆಸ್ಟರ್ನ್ ಸ್ವಿಂಗ್’ ಜನಪ್ರಿಯವಾಯಿತು. ಹಳ್ಳಿಯ ಪಿಟೀಲು ಹಾಡು, ಬ್ಲೂಸ್, ಜಾಝ್ ಎಲ್ಲವೂ ಬೆರೆತ ಕುಣಿತದ ಸಂಗೀತ ಅದು. ಆ ಗದ್ದಲದಲ್ಲಿ ಮರದ ಗಿಟಾರಿನ ದನಿ ಕೇಳಿಸುವುದೇ ಕಷ್ಟ.

ಇದಕ್ಕೆ ಪರಿಹಾರ ‘ಪಿಕಪ್’. ಇದರಲ್ಲಿ ಅಯಸ್ಕಾಂತ ಮತ್ತು ತಾಮ್ರದ ತಂತಿಯ ಸುರುಳಿ ಇರುತ್ತವೆ. ಉಕ್ಕಿನ ತಂತಿ ಕಂಪಿಸಿದಾಗ ಸುರುಳಿಯಲ್ಲಿ ಸಣ್ಣ ವಿದ್ಯುತ್ ಹುಟ್ಟುತ್ತದೆ. ಆಂಪ್ಲಿಫೈಯರ್ ಅದನ್ನು ಹಿಗ್ಗಿಸಿ ಸ್ಪೀಕರಿಗೆ ಕಳಿಸುತ್ತದೆ. 1932ರಲ್ಲಿ ಮಾರುಕಟ್ಟೆಗೆ ಬಂದ, ಬಾಣಲೆಯ ಆಕಾರದ ‘ಫ್ರೈಯಿಂಗ್ ಪ್ಯಾನ್’ ಗಿಟಾರ್ ಇದೇ ತತ್ವದ್ದು. ಅದೂ ಸ್ಟೀಲ್ ಗಿಟಾರೇ!

1935ರಲ್ಲಿ ಮಿಲ್ಟನ್ ಬ್ರೌನ್ ತಂಡದ ಬಾಬ್ ಡನ್ ಕರೆಂಟ್ ಗಿಟಾರ್ ನುಡಿಸಿ ರೆಕಾರ್ಡ್ ಮಾಡಿದರು. ಅವರು ಅದನ್ನು ಜಾಝ್ ಕಹಳೆಯಂತೆ ನುಡಿಸುತ್ತಿದ್ದರು. ಹಿನ್ನೆಲೆಯಲ್ಲಿದ್ದ ಗಿಟಾರ್ ಹೀಗೆ ಪಿಟೀಲಿನ ಸರಿಸಮಕ್ಕೆ ಬಂತು. 1936ರಲ್ಲಿ ಬಾಬ್ ವಿಲ್ಸ್ ತಂಡದ ಲಿಯಾನ್ ಮೆಕಾಲಿಫ್ ನುಡಿಸಿದ ‘ಸ್ಟೀಲ್ ಗಿಟಾರ್ ರ‍್ಯಾಗ್’ ಈ ವಾದ್ಯವನ್ನು ಮನೆಮಾತಾಗಿಸಿತು.

ಹಾಗಾದರೆ ಶ್ರೇಯ ಯಾರಿಗೆ?

ಈ ‘ರ‍್ಯಾಗ್’ ಮೆಕಾಲಿಫ್ ಹೆಸರಲ್ಲಿ ಪ್ರಸಿದ್ಧ. ಆದರೆ ಅದರ ಮೂಲ, ಕಪ್ಪುವರ್ಣೀಯ ಕಲಾವಿದ ಸಿಲ್ವೆಸ್ಟರ್ ವೀವರ್ 1923ರಲ್ಲೇ ರೆಕಾರ್ಡ್ ಮಾಡಿದ ‘ಗಿಟಾರ್ ರ‍್ಯಾಗ್’. ನುಡಿಸುವ ರೀತಿ ಹವಾಯಿಯದು, ರಾಗದ ಬೇರು ಕಪ್ಪುವರ್ಣೀಯರದು, ಹೆಸರು ಮಾತ್ರ ಬಿಳಿಯ ಕೌಬಾಯ್‌ಗಳದು. ಅದೇ ಹವಾಯಿ ಶೈಲಿ ಭಾರತಕ್ಕೂ ಬಂತು. 1994ರಲ್ಲಿ ಗ್ರ್ಯಾಮಿ ಪಡೆದ ವಿಶ್ವಮೋಹನ ಭಟ್ಟರ ಮೋಹನವೀಣೆಯೂ ತೊಡೆಯ ಮೇಲಿನ ಗಿಟಾರೇ.

‘ಇದನ್ನು ಕಂಡುಹಿಡಿದವರು ಇವರೊಬ್ಬರೇ’ ಎನ್ನುವ ಮೆಸೇಜ್ ಬಂದರೆ, ಫಾರ್ವರ್ಡ್ ಮಾಡುವ ಮುನ್ನ ಒಂದು ಪ್ರಶ್ನೆ ಕೇಳೋಣ: ಇವರಿಗೆ ಕಲಿಸಿದವರು ಯಾರು?