ಕಂಬದ ಮೇಲೆ ಹೋದರೂ ಕೆಳಗಿನ ಹೊಲ ನಮ್ಮದೇ

ಇವತ್ತು ಕಬ್ಬಿನ ವಿಚಾರ ಅಲ್ಲ, ರೇಷ್ಮೆ ವಿಚಾರಾನೂ ಅಲ್ಲ. ರೈಲಿನ ವಿಚಾರ. ಸ್ವಲ್ಪ ಉದ್ದ ಇದೆ. ಸಾಯಂಕಾಲ ಡೈರಿಗೆ ಹಾಲು ಹಾಕಿ ಬಂದಮೇಲೆ ಕೂತು ಓದಿ.

ಚೆನ್ನೈ–ಬೆಂಗಳೂರು–ಮೈಸೂರು ಬುಲೆಟ್ ರೈಲಿನ ಮಾತು 2020ರಿಂದ ಕೇಳ್ತಾ ಇದ್ದೀವಿ. ಒಟ್ಟು 435 ಕಿ.ಮೀ. ಅಂತ ಲೆಕ್ಕ. ಎಕ್ಸ್‌ಪ್ರೆಸ್‌ವೇಗೆ ಜಮೀನು ಕೊಟ್ಟ ನೋವು ಇನ್ನೂ ಹಸಿಯಾಗೇ ಇರುವಾಗ ಇದೊಂದು ಬಂದರೆ ಏನಪ್ಪಾ ಗತಿ ಅಂತ ಎಲ್ಲರಿಗೂ ಭಯ. ನನಗೂ ಭಯವೇ. ಈಗ ನಮ್ಮವರೇ ಕೆಲವರು ಒಂದು ಉಪಾಯ ಹುಡುಕಿದ್ದಾರೆ. "ಬುಲೆಟ್ ರೈಲು ಬೇಡ, ಮಾನೋರೈಲು ಕೊಡಿ ಅಂತ ಮನವಿ ಕೊಡೋಣ. ಒಂದೇ ಕಂಬಿ, ಕಂಬದ ಮೇಲೆ ಹೋಗುತ್ತೆ, ಕೆಳಗೆ ನಾವು ರಾಗಿ ಬೆಳ್ಕೋಬಹುದು" ಅಂತ.

ಹೇಳೋರ ಮನಸ್ಸು ಒಳ್ಳೇದೇ. ಆದರೆ ಆ ಮನವಿಗೆ ನಾನು ಸಹಿ ಹಾಕಲ್ಲ. ನೀವೂ ಹಾಕಬೇಡಿ. ಯಾಕೆ ಅಂತ ಒಂದೊಂದಾಗಿ ಹೇಳ್ತೀನಿ.

ಮೊದಲನೇದು, ಕಂಬದ ಮೇಲೆ ಹೋದರೆ ಜಮೀನು ಉಳಿಯುತ್ತೆ ಅನ್ನೋ ಮಾತು. ಮುಂಬೈ–ಅಹಮದಾಬಾದ್ ಬುಲೆಟ್ ರೈಲು 508 ಕಿ.ಮೀ. ಅದರಲ್ಲಿ ನೂರಕ್ಕೆ ತೊಂಬತ್ತು ಭಾಗ ಕಂಬದ ಮೇಲೇ ಹೋಗೋದು! ಅಂದರೆ ಕಂಬ ಅನ್ನೋದು ಮಾನೋರೈಲಿನ ವಿಶೇಷ ಏನಲ್ಲ. ಹಾಗಿದ್ರೂ ಅಲ್ಲಿ ಸುಮಾರು 1,390 ಹೆಕ್ಟೇರ್ ಜಮೀನು ತಗೊಂಡರು. ನಮ್ಮ ಲೆಕ್ಕದಲ್ಲಿ 3,400 ಎಕರೆಗೂ ಮೇಲೆ. ಸ್ಟೇಷನ್ನು, ಡಿಪೋ ಎಲ್ಲ ಸೇರಿ ಕಿಲೋಮೀಟರಿಗೆ ಆರು ಎಕರೆ ಮೂವತ್ತು ಗುಂಟೆ ಬೀಳುತ್ತೆ.

ಕಂಬದ ಲೈನಿಗೆ ಬೇಕಾದ ಪಟ್ಟಿಯ ಅಗಲ ಹದಿನೇಳೂವರೆ ಮೀಟರ್. ನಿಮ್ಮ ಹೊಲ ನೂರು ಮೀಟರ್ ಉದ್ದ ಇದ್ದು ಲೈನು ಅದರ ಮೇಲೆ ಹಾದು ಹೋದರೆ ಹದಿನೇಳು ಗುಂಟೆ ಹೋಯ್ತು ಅಂತ ತಿಳ್ಕೊಳ್ಳಿ. ಮಾನೋರೈಲಿನ ತೊಲೆ ಇದಕ್ಕಿಂತ ಸಣ್ಣದು, ಒಪ್ತೀನಿ. ಆದರೆ ಹೋಗೋಕೊಂದು ಬರೋಕೊಂದು ಅಂತ ಎರಡು ತೊಲೆ ಬೇಕು. ಕಂಬ ನಿಲ್ಲಿಸೋಕೆ ಕ್ರೇನು, ಲಾರಿ ಬರಬೇಕು, ಆಮೇಲೆ ರಿಪೇರಿಗೂ ದಾರಿ ಬೇಕು. ಕಂಬಕ್ಕೆ ಮಾತ್ರ ಗುಂಡಿ ತೋಡಿ ಹೋಗಿಬಿಡ್ತಾರೆ ಅನ್ನೋದು ಕನಸು. ಒಂದೂವರೆ ಎರಡು ಎಕರೆ ಇಟ್ಕೊಂಡಿರೋ ನಮ್ಮಂಥವರಿಗೆ ನಡುಮಧ್ಯೆ ಪಟ್ಟಿ ಹೋದರೆ, ಅದು ಹತ್ತು ಗುಂಟೆ ಆದರೂ ಹೊಲ ಎರಡು ಹೋಳು. ಬೋರ್‌ವೆಲ್ ಒಂದು ಕಡೆ, ಬೆಳೆ ಇನ್ನೊಂದು ಕಡೆ.

ಎರಡನೇದು ವೇಗ. ಮನವಿ ಬಿದ್ದು ಹೋಗೋದು ಇಲ್ಲೇ. ಇವತ್ತು ಪ್ರಪಂಚದಲ್ಲಿ ಜನ ಸಾಗಿಸ್ತಾ ಇರೋ ದೊಡ್ಡ ಮಾನೋರೈಲುಗಳ ಗರಿಷ್ಠ ವೇಗ ಗಂಟೆಗೆ 80 ಕಿ.ಮೀ. ಆಸುಪಾಸು. ರಬ್ಬರ್ ಟೈರಿನ ಮೇಲೆ ಕಾಂಕ್ರೀಟ್ ತೊಲೆ ತಬ್ಬಿಕೊಂಡು ಓಡೋ ಗಾಡಿ ಅದು. ಕಬ್ಬಿಣದ ಹಳಿ ಮೇಲೆ ಕಬ್ಬಿಣದ ಚಕ್ರ ಜಾರಿದ ಹಾಗೆ ಟೈರು ಜಾರಲ್ಲ, ತಿಕ್ಕಾಟ ಜಾಸ್ತಿ, ಕರೆಂಟೂ ಜಾಸ್ತಿ ತಿನ್ನುತ್ತೆ. ಈಗ ನೀವೇ ಲೆಕ್ಕ ಹಾಕಿ. 435 ಕಿ.ಮೀ. ದೂರವನ್ನ 80ರ ವೇಗದಲ್ಲಿ ಎಲ್ಲೂ ನಿಲ್ಲದೆ ಹೋದರೂ ಐದೂವರೆ ಗಂಟೆ. ನಡುವೆ ನಿಂತು ಹೊರಟರೆ ಆರು, ಆರೂವರೆ. 2022ರ ನವೆಂಬರಿನಿಂದ ಓಡ್ತಾ ಇರೋ ಚೆನ್ನೈ–ಮೈಸೂರು ವಂದೇ ಭಾರತ್ ಈಗಿರೋ ಹಳಿ ಮೇಲೇ ಸುಮಾರು ಆರೂವರೆ ಗಂಟೆಗೆ ಹೋಗುತ್ತೆ. ಸಾವಿರಾರು ಕೋಟಿ ಸುರಿದು, ಊರೂರಿಗೆ ಕಂಬ ನೆಟ್ಟು, ಇವತ್ತಿನ ವೇಗವನ್ನೇ ತಗೋಳೋದಾ? ಈ ಲೆಕ್ಕ ಇಟ್ಕೊಂಡು ಅಧಿಕಾರಿಗಳ ಮುಂದೆ ಹೋದರೆ ಎರಡು ನಿಮಿಷದಲ್ಲಿ ನಗಾಡಿ ಕಳಿಸ್ತಾರೆ. ಆಮೇಲೆ ನಮ್ಮ ನಿಜವಾದ ಮಾತೂ ಕೇಳಲ್ಲ.

ಜಪಾನಿನವರನ್ನ ನೋಡಿ. 1964ರ ಸೆಪ್ಟೆಂಬರಿನಲ್ಲಿ ಟೋಕಿಯೋದಲ್ಲಿ ವಿಮಾನ ನಿಲ್ದಾಣಕ್ಕೆ ಮಾನೋರೈಲು ಶುರು ಮಾಡಿದರು. ಮುಂದಿನ ತಿಂಗಳೇ, ಅಕ್ಟೋಬರ್ 1ಕ್ಕೆ, ಟೋಕಿಯೋ–ಒಸಾಕಾ ಬುಲೆಟ್ ರೈಲು ಬಿಟ್ಟರು. ಒಂದೇ ದೇಶ, ಒಂದೇ ವರ್ಷ, ಎರಡೂ ತಂತ್ರಜ್ಞಾನ ಕೈಲಿತ್ತು. ಊರೊಳಗಿನ ಹದಿನೇಳು ಹದಿನೆಂಟು ಕಿಲೋಮೀಟರಿಗೆ ಮಾನೋರೈಲು, ಊರಿಂದ ಊರಿಗೆ ಐನೂರು ಕಿಲೋಮೀಟರಿಗೆ ಹಳಿ ರೈಲು. ಅರವತ್ತು ವರ್ಷ ಆದರೂ ಆ ಎರಡನ್ನ ಅವರು ಅದಲುಬದಲು ಮಾಡಿಲ್ಲ. ಚೀನಾದ ಚೋಂಗ್‌ಚಿಂಗ್ ಬೆಟ್ಟಗುಡ್ಡದ ಊರು. ಏರು, ತಿರುವು ಜಾಸ್ತಿ. ಅಲ್ಲಿ ಮಾನೋರೈಲು ಚೆನ್ನಾಗೇ ಓಡ್ತಾ ಇದೆ. ಜಪಾನಿನ ಕಿತ್ತಳೆ ತೋಟದವರು ಇಳಿಜಾರಿನಿಂದ ಹಣ್ಣು ಇಳಿಸೋಕೂ ಒಂದು ಕಂಬಿ ಮೇಲಿನ ಪುಟ್ಟ ಗಾಡಿ ಇಟ್ಕೊಂಡಿದ್ದಾರೆ. ಹಾಗಾಗಿ ಮಾನೋರೈಲು ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಕುಡುಗೋಲು ಒಳ್ಳೇದೇ, ಆದರೆ ಅದರಲ್ಲಿ ಉಳೋಕಾಗಲ್ಲ ಅಂತಿದ್ದೀನಿ ಅಷ್ಟೇ.

ನಮ್ಮ ದೇಶಕ್ಕೂ ಇದು ಹೊಸದಲ್ಲ. ಪಟಿಯಾಲ ಸಂಸ್ಥಾನದಲ್ಲಿ 1907ರಲ್ಲೇ ಒಂದು ಕಂಬಿ ರೈಲು ಹಾಕಿದ್ದರು. ಭಾರವೆಲ್ಲ ಕಂಬಿ ಮೇಲೆ, ಸಮತೋಲಕ್ಕೆ ಒಂದು ಪಕ್ಕದ ಚಕ್ರ ರಸ್ತೆ ಮೇಲೆ. ಮೊದಲು ಹೇಸರಗತ್ತೆ ಕಟ್ಟಿ ಎಳೆಸಿದರು, ಆಮೇಲೆ ಉಗಿ ಎಂಜಿನ್ನೂ ಬಂತು. ಬಸ್ಸು, ಕಾರು ಬಂದಮೇಲೆ 1927ಕ್ಕೆ ಮುಚ್ಚಿಹೋಯ್ತು. ಈಗ ಆ ಎಂಜಿನ್ ದೆಹಲಿಯ ರೈಲು ಮ್ಯೂಸಿಯಮ್ಮಿನಲ್ಲಿದೆ.

ಇನ್ನು ಮುಂಬೈ. 2014ರಲ್ಲಿ ಮೊದಲ ತುಂಡು, 2019ರಲ್ಲಿ ಎರಡನೇ ತುಂಡು, ಎಲ್ಲ ಸೇರಿ ಇಪ್ಪತ್ತು ಕಿ.ಮೀ. 2017ರಲ್ಲಿ ಬೋಗಿಗೆ ಬೆಂಕಿ ಬಿದ್ದು ತಿಂಗಳುಗಟ್ಟಲೆ ನಿಂತಿತ್ತು. 2025ರ ಆಗಸ್ಟ್ 19ರ ಮಳೆಯಲ್ಲಿ ಜನ ಜಾಸ್ತಿ ಹತ್ತಿ, ಭಾರಕ್ಕೆ ಕರೆಂಟ್ ಸಂಪರ್ಕ ತಪ್ಪಿ, ಗಾಡಿ ಆಕಾಶದಲ್ಲೇ ನಿಂತುಬಿಡ್ತು. ಪಕ್ಕದಲ್ಲಿ ಇಳಿದು ನಡೆಯೋಕೆ ಜಾಗ ಇಲ್ಲ. ಅಗ್ನಿಶಾಮಕದವರು ಏಣಿ ಹಾಕಿ ಐನೂರಕ್ಕೂ ಹೆಚ್ಚು ಜನರನ್ನ ಇಳಿಸಿದರು. ಮುಂದಿನ ತಿಂಗಳು, ಸೆಪ್ಟೆಂಬರ್ 20ರಿಂದ, ದುರಸ್ತಿ ಅಂತ ಓಡಾಟವನ್ನೇ ನಿಲ್ಲಿಸಿದರು. ಮುಂಬೈಯಂಥ ಊರಲ್ಲಿ ಇಪ್ಪತ್ತು ಕಿಲೋಮೀಟರಿಗೆ ಈ ಪಾಡಾದರೆ 435 ಕಿಲೋಮೀಟರಿಗೆ ಏನಾಗಬೇಕು?

ಮೂರನೇದು, ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಆ ಗಾಡಿ ಯಾರಿಗೆ? ಮಾನೋರೈಲಿನ ತೊಲೆ ಮೇಲೆ ಬೇರೆ ಯಾವ ರೈಲೂ ಓಡಲ್ಲ. ಗೂಡ್ಸ್ ಓಡಲ್ಲ, ಗೊಬ್ಬರ ಬರಲ್ಲ, ಮೆಮು ಓಡಲ್ಲ. ಈಗಿರೋ ಸ್ಟೇಷನ್ನಿನ ಪ್ಲಾಟ್‌ಫಾರ್ಮಿಗೂ ಬರಲ್ಲ. ಹಳಿ ಬದಲಿಸಬೇಕಾದರೆ ತೊಲೆಯನ್ನೇ ಅಲ್ಲಾಡಿಸಬೇಕು. ಬುಲೆಟ್ ರೈಲಂತೂ ಬಿಡಿ, ವೇಗಕ್ಕೆ ಹುಟ್ಟಿರೋದು ಊರೂರಿಗೆ ನಿಲ್ಲೋದಿಲ್ಲ. ಮದ್ದೂರಲ್ಲಿ ನಿಲ್ಲದ ರೈಲಿಗೆ ಮದ್ದೂರು ವಡೆ ಯಾರು ಮಾರ್ತಾರೆ? ಎರಡರಲ್ಲಿ ಯಾವುದು ಬಂದರೂ ನಮ್ಮ ತಲೆ ಮೇಲೆ ಹೋಗುತ್ತೆ, ನಮ್ಮ ಹತ್ತಿರ ನಿಲ್ಲಲ್ಲ.

ಇದರ ರುಚಿ ನಾವು ಈಗಾಗಲೇ ನೋಡಿದ್ದೀವಿ. 118 ಕಿ.ಮೀ. ಎಕ್ಸ್‌ಪ್ರೆಸ್‌ವೇ ನಮ್ಮ ಭಾಗದ ಗದ್ದೆ ತೋಟದ ಮೇಲೇ ಬಂತು. 2023ರ ಮಾರ್ಚಿನಲ್ಲಿ ಉದ್ಘಾಟನೆ ಆಯ್ತು, ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರಿಗೆ ಅದರ ಮೇಲೆ ಪ್ರವೇಶ ಇಲ್ಲ ಅಂದರು. ಜಮೀನು ಕೊಟ್ಟವನ ಟ್ರ್ಯಾಕ್ಟರು ಸರ್ವಿಸ್ ರಸ್ತೆಗೆ, ಮಳೆ ಬಂದರೆ ಅಂಡರ್‌ಪಾಸಿನ ನೀರಿಗೆ. ಸುರಕ್ಷತೆಗೆ ಅಂದರು, ಅಪಘಾತ ಆಗ್ತಿದ್ದದ್ದೂ ಸುಳ್ಳಲ್ಲ. ಆದರೆ ಯೋಜನೆ ಹಾಕುವಾಗಲೇ ನಮಗೆ ಓಡಾಡೋ ದಾರಿ ಎಲ್ಲಿ ಅಂತ ಯಾರಾದರೂ ಕೇಳಿದ್ರಾ?

"ಹಾಗಾದರೆ ನಿನಗೆ ಏನು ಬೇಕು, ಎಲ್ಲದಕ್ಕೂ ಬೇಡ ಅಂತೀಯಲ್ಲ" ಅಂತ ಕೇಳ್ತೀರಿ. ಕೇಳಬೇಕಾದ್ದೇ. ನನ್ನ ಉತ್ತರ ಇದು: ಈಗಿರೋ ಹಳಿಯನ್ನ ಗಟ್ಟಿ ಮಾಡಿ, ವೇಗ ಮಾಡಿ. ಬೆಂಗಳೂರು–ಮೈಸೂರು ಜೋಡಿ ಹಳಿ ಆಗೋಕೆ ಎಷ್ಟು ವರ್ಷ ಕಾದೆವು! ಶ್ರೀರಂಗಪಟ್ಟಣದಲ್ಲಿ ಟಿಪ್ಪು ಕಾಲದ ಮದ್ದಿನ ಮನೆಯನ್ನ 2017ರಲ್ಲಿ ಇಡಿಯಾಗಿ ಎತ್ತಿ ಪಕ್ಕಕ್ಕೆ ಇಟ್ಟಮೇಲೆ ದಾರಿ ಬಿಡ್ತು. ಅಷ್ಟು ಕಷ್ಟಪಟ್ಟು ಮಾಡಿದ ಹಳಿಯಿಂದ ಪೂರ್ತಿ ಕೆಲಸ ತಗೊಳ್ಳಿ. ದೆಹಲಿ–ಆಗ್ರಾ ನಡುವೆ ಗತಿಮಾನ್ ರೈಲು 2016ರಲ್ಲೇ ಮಾಮೂಲಿ ಬ್ರಾಡ್‌ಗೇಜ್ ಹಳಿ ಮೇಲೆ ಗಂಟೆಗೆ 160 ಕಿ.ಮೀ. ಮುಟ್ಟಿತು. ಮಾನೋರೈಲಿನ ಎರಡರಷ್ಟು!

ಮೂರನೇ ನಾಲ್ಕನೇ ಹಳಿ ಹಾಕೋಕೂ ಜಮೀನು ಬೇಕಲ್ಲ ಅಂದರೆ, ಹೌದು, ಬೇಕು. ಆದರೆ ಅದು ಈಗಿರೋ ಲೈನಿನ ಬದುವಿನ ಪಕ್ಕದ ಪಟ್ಟಿ. ಹೊಸದಾಗಿ ನೂರಾರು ಹೊಲಗಳ ಹೊಟ್ಟೆ ಸೀಳಲ್ಲ. ಆ ಹಳಿ ಮೇಲೆ ವೇಗದ ರೈಲೂ ಓಡುತ್ತೆ, ಗೂಡ್ಸೂ ಓಡುತ್ತೆ, ಕಾಲೇಜಿಗೆ ಹೋಗೋ ಮಕ್ಕಳ ಮೆಮು ರೈಲೂ ಓಡುತ್ತೆ. ಸ್ಟೇಷನ್ನು ನಮ್ಮ ಊರಿನ ಹತ್ತಿರವೇ ಇರುತ್ತೆ.

ಆದ್ದರಿಂದ ಮನವಿ ಕೊಡೋದಾದರೆ ಅದರಲ್ಲಿ ನಾಲ್ಕೇ ಮಾತು ಇರಲಿ. ಈಗಿರೋ ಲೈನಿನ ವೇಗ ಹೆಚ್ಚಿಸಿ. ಗೇಟ್ ತೆಗೆದ ಕಡೆ ನೀರು ನಿಲ್ಲದ, ಕಬ್ಬಿನ ಲೋಡು ಹಿಡಿಸೋ ಅಂಡರ್‌ಪಾಸ್ ಕೊಡಿ. ಸಣ್ಣ ಸ್ಟೇಷನ್ನುಗಳಲ್ಲಿ ಬೆಳಿಗ್ಗೆ ಸಂಜೆ ರೈಲು ನಿಲ್ಲಿಸಿ. ಹೊಸ ಲೈನಿನ ಸರ್ವೆ ಮಾಡೋದಾದರೆ ಕಲ್ಲು ನೆಡೋಕೆ ಮುಂಚೆ ಗ್ರಾಮಸಭೆಗೆ ಬಂದು, ಕನ್ನಡದಲ್ಲಿ ನಕ್ಷೆ ಹರಡಿ, ಸರ್ವೆ ನಂಬರ್ ಸಮೇತ ಹೇಳಿ.

ಮಾನೋರೈಲು ಕೇಳಿದರೆ ಏನಾಗುತ್ತೆ ಗೊತ್ತಾ? ಕಂಬದ ಮೇಲೆ ಹೋದರೆ ರೈತರದ್ದು ಅಭ್ಯಂತರ ಇಲ್ಲ ಅಂತ ನಾವೇ ಬರೆದುಕೊಟ್ಟ ಹಾಗಾಗುತ್ತೆ. ನಾಳೆ ಅದೇ ಕಾಗದ ಹಿಡ್ಕೊಂಡು ಬುಲೆಟ್ ರೈಲಿನ ಕಂಬ ನೆಡೋಕೆ ಬಂದರೆ ಯಾವ ಬಾಯಲ್ಲಿ ಬೇಡ ಅನ್ನೋಣ? ಸಹಿ ಹಾಕೋ ಮುಂಚೆ ಇದೊಂದು ಯೋಚನೆ ಮಾಡಿ. ಒಪ್ಪಿದರೆ ನಿಮ್ಮ ಊರಿನ ಗುಂಪಿಗೂ ಕಳಿಸಿ. ಒಪ್ಪದಿದ್ದರೆ ಯಾಕೆ ಅಂತ ಲೆಕ್ಕ ಸಮೇತ ಬರೀರಿ, ಓದ್ತೀನಿ.