ಫೀಸು ಮಾಫಿ, ಪುಸ್ತಕದ ದುಡ್ಡು ಯಾರದು?

ಅಮೆರಿಕದಲ್ಲಿ ಮಕ್ಕಳು ಹೈಸ್ಕೂಲಿನಲ್ಲಿರುವಾಗಲೇ ಕಾಲೇಜಿನ ಪಾಠಕ್ಕೂ ಕೂರುವ ಏರ್ಪಾಡಿದೆ. ಒಂದು ವಿಷಯ ಪಾಸು ಮಾಡಿದರೆ ಅದು ಎರಡೂ ಕಡೆಯ ಲೆಕ್ಕಕ್ಕೆ ಸೇರುತ್ತದೆ. ಮುಂದಿನ ಕಾಲವೂ ಖರ್ಚೂ ಅಷ್ಟು ಉಳಿತಾಯ. ಇದನ್ನು ನಾವು ಸ್ವಾಗತಿಸುತ್ತೇವೆ. ನಮ್ಮ ಜಗಳ ಬೇರೆ.

ಅಲ್ಲಿನ ಪಶ್ಚಿಮ ಕರಾವಳಿಯ ವಾಷಿಂಗ್ಟನ್ ಸಂಸ್ಥಾನ 1990ರಲ್ಲಿ ಕಾನೂನು ಮಾಡಿ, ಹೈಸ್ಕೂಲಿನ ಕೊನೆಯ ಎರಡು ವರ್ಷದವರಿಗೆ ಸಮುದಾಯ ಕಾಲೇಜುಗಳ ಬೋಧನಾ ಶುಲ್ಕ ಮಾಫಿ ಮಾಡಿತು. ಪುಸ್ತಕ? ಅದು ಮನೆಯವರ ತಲೆಯ ಮೇಲೆ. ಹೋಗಿಬರುವ ದಾರಿಖರ್ಚು? ಅದೂ ಅವರದೇ. ಕೆಲವು ಕಾಲೇಜುಗಳು ಬಡವರಿಗೆ ಪುಸ್ತಕ ಎರವಲು ಕೊಡುವುದುಂಟು. ಅದು ದಯೆ, ಹಕ್ಕಲ್ಲ. ಫೀಸು ಮಾಫಿಯಾದರೂ ನೋಟುಬುಕ್ಕಿಗೆ ಸಾಲ ಮಾಡಿದ ಗಿರಣಿ ಕಾರ್ಮಿಕನಿಗೆ, ಆ ಸಾಲ ಬರೆದುಕೊಂಡ ಅಂಗಡಿಯವನಿಗೆ ಈ ಲೆಕ್ಕ ಹೊಸತಲ್ಲ.

“ಸರ್ಕಾರ ಎಲ್ಲವನ್ನೂ ಕೊಡಲಾದೀತೇ?” ಎನ್ನುವ ಮಹನೀಯರು ಅದೇ ದೇಶದ ಮಿನೆಸೋಟ ಸಂಸ್ಥಾನವನ್ನು ನೋಡಲಿ. 1985ರಲ್ಲಿ ಅಲ್ಲಿ ಇಂಥ ಕಾನೂನು ತಂದ ಗವರ್ನರ್ ರೂಡಿ ಪರ್ಪಿಚ್ ಕಬ್ಬಿಣದ ಗಣಿ ಕಾರ್ಮಿಕನ ಮಗ. ಶಾಲೆಗೆ ಸೇರುವಾಗ ಆತನಿಗೆ ಇಂಗ್ಲಿಷೇ ಬರುತ್ತಿರಲಿಲ್ಲ. ಅಲ್ಲಿ ಶುಲ್ಕದ ಜೊತೆಗೆ ಪಠ್ಯಪುಸ್ತಕದ ಖರ್ಚೂ ಮಾಫಿ. ಬಡ ಮನೆಯ ಮಕ್ಕಳು ದಾರಿಖರ್ಚಿಗೂ ಅರ್ಜಿ ಹಾಕಬಹುದು. ಒಂದೇ ದೇಶ, ಒಂದೇ ಡಾಲರು. ಮಿನೆಸೋಟದಲ್ಲಿ ಆದದ್ದು ವಾಷಿಂಗ್ಟನ್ನಿನಲ್ಲಿ ಏಕಾಗದು?

ಇಷ್ಟೆಲ್ಲ ಕಷ್ಟಪಟ್ಟು ಪಾಸು ಮಾಡಿದ ವಿಷಯವನ್ನು ಕೆಲವು ದೊಡ್ಡ ಖಾಸಗಿ ವಿಶ್ವವಿದ್ಯಾಲಯಗಳು ಒಪ್ಪುವುದಿಲ್ಲ. ಅದೇ ಪಾಠಕ್ಕೆ ಮತ್ತೊಮ್ಮೆ ಹಣ ಕಟ್ಟಿಸಿಕೊಳ್ಳುತ್ತವೆ. ಅದಕ್ಕೆ ಗುಣಮಟ್ಟವೆಂದು ಹೆಸರು!